ತಂಬುಳಿಯ ಉಪ್ಪು, ಮನೆಯವರ ಬಿ.ಪಿ.: ನಾಲಿಗೆಯನ್ನೂ ದೇಹವನ್ನೂ ಸರಿಯಾಗಿ ಕೇಳುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂದೆಲಗದ ತಂಬುಳಿ ಮಾಡಿ, ಉಪ್ಪನ್ನು ಮೂರನೇ ಒಂದು ಪಾಲು ಕಡಿಮೆ ಹಾಕಿ, ಸ್ವಸಹಾಯ ಸಂಘದ ಮಹಿಳೆಯರಿಗೆ ನಾನೇ ಬಡಿಸಿದೆ. ಹೇಗಿದೆ ಎಂದು ಕೇಳಿದೆ. ಇಪ್ಪತ್ತೆರಡು ಜನರೂ ಚೆನ್ನಾಗಿದೆ ಎಂದರು. ಅದನ್ನೇ ಬರೆದುಕೊಂಡೆ. ಅವರು ಎದ್ದ ಮೇಲೆ ಲೋಟ ಎತ್ತುವಾಗ ನೋಡಿದರೆ ಅರ್ಧಕ್ಕಿಂತ ಹೆಚ್ಚು ಲೋಟಗಳಲ್ಲಿ ತಂಬುಳಿ ಹಾಗೆಯೇ ಉಳಿದಿತ್ತು. ಅವರು ನನಗೆ ಮೋಸ ಮಾಡಿರಲಿಲ್ಲ. ಬಡಿಸಿದವರ ಎದುರಿಗೆ ಅಡುಗೆಯನ್ನು ಹಳಿಯುವುದು ಮಲೆನಾಡಿನ ಮನೆಗಳಲ್ಲಿ ನಡೆಯದ ಮಾತು. ಆ ಮರ್ಯಾದೆಯನ್ನು ದಾಟಿ ನಾಲಿಗೆಯ ಉತ್ತರ ಪಡೆಯುವ ದಾರಿಯನ್ನು ನಾನು ಹಾಕಿಕೊಂಡಿರಲಿಲ್ಲ, ಅಷ್ಟೇ.

ಆಹಾರದ ರುಚಿಯನ್ನು ಜನ ಹೇಗೆ ಗ್ರಹಿಸುತ್ತಾರೆ ಎಂಬುದನ್ನು ಅಳೆಯುವ ಶಾಸ್ತ್ರವೊಂದಿದೆ. ಅದೇ ಆಹಾರ ದೇಹಕ್ಕೆ ಏನು ಮಾಡುತ್ತದೆ ಎಂದು ಅಳೆಯುವ ವೈದ್ಯಕೀಯ ಪ್ರಯೋಗದ ಶಾಸ್ತ್ರ ಇನ್ನೊಂದು. ಮೇಲ್ನೋಟಕ್ಕೆ ಸಂಬಂಧವಿಲ್ಲದಂತೆ ಕಾಣುವ ಈ ಎರಡಕ್ಕೂ ಬೇರು ಒಂದೇ: ಕೇಳುವವರ ಆಸೆ ಉತ್ತರದೊಳಗೆ ನುಸುಳದಂತೆ ಕಾಯುವುದು. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ತಾವು ಮಾಡಿದ ತಿನಿಸು ಮಾರುವ ಸಂಘಗಳು, ಯಾರಾದರೂ ಇದನ್ನು ಅನುಸರಿಸಬಹುದು. ಉದಾಹರಣೆಗೆ ಉಪ್ಪು ಕಡಿಮೆ ಮಾಡಿದ ತಂಬುಳಿಯನ್ನೇ ಉದ್ದಕ್ಕೂ ಇಟ್ಟುಕೊಂಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸು ಇಲ್ಲದೆ ಊಟ ಮುಗಿಯದ ನಮ್ಮ ಕಡೆ ಇದು ಸಣ್ಣ ಮಾತಲ್ಲ.

ಹೆಜ್ಜೆ 1: ಪ್ರಶ್ನೆಯನ್ನು ಮೂರಾಗಿ ಸೀಳಿ

"ಕಡಿಮೆ ಉಪ್ಪಿನ ತಂಬುಳಿ ಒಳ್ಳೆಯದೇ?" ಎಂಬುದು ಪರೀಕ್ಷಿಸಲು ಬರುವ ಪ್ರಶ್ನೆಯಲ್ಲ. ಅದರೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಉಪ್ಪು ಕಡಿಮೆಯಾದದ್ದು ಜನರಿಗೆ ಗೊತ್ತಾಗುತ್ತದೆಯೇ? ಗೊತ್ತಾದರೂ ಇಷ್ಟವಾಗುತ್ತದೆಯೇ? ತಿಂಗಳುಗಟ್ಟಲೆ ಹೀಗೆ ಉಂಡರೆ ರಕ್ತದೊತ್ತಡ ಇಳಿಯುತ್ತದೆಯೇ? ಮೊದಲನೆಯದಕ್ಕೆ ಮೂವತ್ತು ಜನ ಮತ್ತು ಒಂದು ಮಧ್ಯಾಹ್ನ ಸಾಕು. ಎರಡನೆಯದಕ್ಕೆ ಅರವತ್ತರಿಂದ ನೂರು ಜನ ಬೇಕು. ಮೂರನೆಯದಕ್ಕೆ ನೂರಾರು ಜನ, ತಿಂಗಳುಗಳು, ವೈದ್ಯರು ಮತ್ತು ನೈತಿಕ ಸಮಿತಿಯ (ಸಂಶೋಧನೆಗೆ ಒಳಪಡುವವರ ಹಿತ ಕಾಯುವ ಸಮಿತಿ) ಒಪ್ಪಿಗೆ ಬೇಕು. ಒಂದರ ಉತ್ತರವನ್ನು ಇನ್ನೊಂದರ ಉತ್ತರವೆಂದು ಬರೆಯುವುದು ನಾನು ಪದೇ ಪದೇ ಕಂಡಿರುವ, ಅತ್ಯಂತ ಬೇಸರ ತರಿಸುವ ತಪ್ಪು. ಮೂವತ್ತು ಜನ ರುಚಿಯಾಗಿದೆ ಎಂದರೆ ಅದು ಆರೋಗ್ಯಕರ ಎಂದಾಗುವುದಿಲ್ಲ.

ಹೆಜ್ಜೆ 2: ತಿನಿಸನ್ನು ಆರಿಸಿ, ಒಂದೇ ಹದಕ್ಕೆ ತನ್ನಿ

ಮಲೆನಾಡು ಎಂದೊಡನೆ ಅಪ್ಪೆಮಿಡಿ ಉಪ್ಪಿನಕಾಯಿಯಿಂದಲೇ ಶುರು ಮಾಡೋಣ ಎಂದು ಅನೇಕರು ಹೊರಡುತ್ತಾರೆ. ದಯವಿಟ್ಟು ಬೇಡ. ಉಪ್ಪಿನಕಾಯಿಯಲ್ಲಿ ಉಪ್ಪು ಇರುವುದು ರುಚಿಗಷ್ಟೇ ಅಲ್ಲ, ಮಿಡಿ ಕೆಡದಂತೆ ಕಾಯುವುದೂ ಅದೇ. ಪ್ರಯೋಗಾಲಯದ ಮೇಲ್ವಿಚಾರಣೆ ಇಲ್ಲದೆ ಅಲ್ಲಿ ಉಪ್ಪು ಇಳಿಸಿ ಜನರಿಗೆ ತಿನ್ನಿಸುವುದು ಅಪಾಯ. ಸಾರು ಬಿಸಿಯಾಗಿರಬೇಕು, ಆರಿದಂತೆಲ್ಲ ರುಚಿ ಬದಲಾಗುತ್ತದೆ, ಮೂವತ್ತು ಜನರಿಗೂ ಒಂದೇ ಬಿಸಿಯಲ್ಲಿ ಕೊಡುವುದು ಕಷ್ಟ. ತಂಬುಳಿಯನ್ನು ತಣ್ಣಗೆ ಬಡಿಸುವುದರಿಂದ ಆ ತೊಡಕಿಲ್ಲ. ಖಾರವೂ ಹೆಚ್ಚಿಲ್ಲದ ಕಾರಣ ಒಂದರ ರುಚಿ ಇನ್ನೊಂದರ ಮೇಲೆ ಅಷ್ಟಾಗಿ ಕೂರುವುದಿಲ್ಲ.

ಆದರೆ ತಂಬುಳಿಗೂ ಒಂದು ತೊಂದರೆ ಇದೆ. ಮಜ್ಜಿಗೆ ಗಂಟೆಗಂಟೆಗೆ ಹುಳಿಯಾಗುತ್ತದೆ, ಹುಳಿ ಬದಲಾದರೆ ಉಪ್ಪಿನ ಅನುಭವವೂ ಬದಲಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಕುಡಿದವರು ಮತ್ತು ಮಧ್ಯಾಹ್ನ ಎರಡಕ್ಕೆ ಕುಡಿದವರು ಬೇರೆ ಬೇರೆ ತಂಬುಳಿ ಕುಡಿದಂತೆಯೇ. ಆದ್ದರಿಂದ ಎಲ್ಲವನ್ನೂ ಉಪ್ಪಿಲ್ಲದೆ ಒಂದೇ ಪಾತ್ರೆಯಲ್ಲಿ ಮಾಡಿಕೊಳ್ಳಿ: ಒಂದೆಲಗ, ಜೀರಿಗೆ, ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಂದಿಗೆ ನುಣ್ಣಗೆ ಅರೆದು, ಮಜ್ಜಿಗೆಗೆ ಕಲಸಿ. ಫ್ರಿಜ್‌ನಲ್ಲಿಟ್ಟು, ಹೊರಗೆ ತೆಗೆದ ಎರಡು ಗಂಟೆಯೊಳಗೆ ಮುಗಿಸಿ. ಬಳಿಕ ತೂಕ ಮಾಡಿ ಪಾಲು ಮಾಡಿ, ಲೀಟರಿಗೆ ಒಂದಕ್ಕೆ 8 ಗ್ರಾಂ, ಇನ್ನೊಂದಕ್ಕೆ 6.8 ಗ್ರಾಂ, ಮತ್ತೊಂದಕ್ಕೆ 5.6 ಗ್ರಾಂ ಉಪ್ಪನ್ನು ಒಂದೇ ಅಳತೆಯ ನೀರಿನಲ್ಲಿ ಕರಗಿಸಿ ಸೇರಿಸಿ. ಅಂದರೆ ಮಾಮೂಲು ಉಪ್ಪು, ಶೇಕಡ 15 ಕಡಿಮೆ, ಶೇಕಡ 30 ಕಡಿಮೆ. ಚಮಚದ ಅಳತೆ ನಂಬಬೇಡಿ. ಹರಳುಪ್ಪು ಮತ್ತು ಪುಡಿಯುಪ್ಪು ಒಂದೇ ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ. 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಕೊಳ್ಳಿ. ಎಲ್ಲ ಪಾಲಿಗೂ ಒಂದೇ ಅಯೋಡಿನ್‌ಯುಕ್ತ ಉಪ್ಪು ಬಳಸಿ.

ಹೆಜ್ಜೆ 3: ಹೆಸರು ಮರೆಸಿ, ಸರದಿ ಕಲಸಿ

ಲೋಟದ ಮೇಲೆ "ಅ", "ಆ" ಎಂದು ಬರೆದರೆ ಜನರ ಮನಸ್ಸು ಮೊದಲಿನದರತ್ತ ವಾಲುತ್ತದೆ. 1, 2 ಎಂದರೂ ಅಷ್ಟೇ. ಅರ್ಥವಿಲ್ಲದ ಮೂರಂಕಿಯ ಸಂಖ್ಯೆಗಳನ್ನು ಚೀಟಿ ಎತ್ತಿಯೋ ಕಂಪ್ಯೂಟರಿನಿಂದಲೋ ಆರಿಸಿ: 417, 862, 935. ಇಲ್ಲಿ ನಮ್ಮೂರಿಗೆ ಬೇಕಾದ ಎಚ್ಚರಿಕೆ ಒಂದಿದೆ. 108, 786, 420, 111 ಇವು ಬಂದರೆ ಬಿಟ್ಟುಬಿಡಿ. ಭಕ್ತಿ, ಆಂಬುಲೆನ್ಸ್, ಬೈಗುಳ, ಅದೃಷ್ಟ ಎಲ್ಲವೂ ಆ ಸಂಖ್ಯೆಗಳಿಗೆ ಅಂಟಿಕೊಂಡಿವೆ.

ಎಲ್ಲ ಲೋಟಗಳೂ ಒಂದೇ ಬಗೆಯವಾಗಿರಲಿ, ಪ್ರತಿಯೊಂದರಲ್ಲೂ 30 ಮಿಲಿಲೀಟರ್ ಇರಲಿ. ಅಡಿಕೆ ಹಾಳೆಯ ದೊನ್ನೆ ನೋಡಲು ಚೆಂದ, ಆದರೆ ಅದಕ್ಕೆ ತನ್ನದೇ ವಾಸನೆ ಇದೆ. ನಡುನಡುವೆ ಬಾಯಿ ಮುಕ್ಕಳಿಸಲು ಬೆಚ್ಚಗಿನ ನೀರು, ಜೊತೆಗೆ ಉಪ್ಪಿಲ್ಲದ ಅನ್ನದ ಒಂದು ತುತ್ತು ಕೊಡಿ. ಬರುವ ಒಂದು ಗಂಟೆ ಮೊದಲು ಕಾಫಿ, ಬೀಡಿ, ಕವಳ (ಎಲೆಯಡಿಕೆ) ಬೇಡವೆಂದು ಹಿಂದಿನ ದಿನವೇ ಹೇಳಿ. ಕವಳ ಹಾಕುವವರನ್ನು ಪಟ್ಟಿಯಿಂದಲೇ ತೆಗೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಊರಿನ ಅರ್ಧ ಜನ ಕವಳ ಹಾಕುವವರಾದರೆ, ಅವರನ್ನು ಬಿಟ್ಟು ಪಡೆದ ಉತ್ತರ ಆ ಊರಿನದಾಗುವುದಿಲ್ಲ. ನೆಗಡಿಯಾದವರನ್ನು ಮಾತ್ರ ಇನ್ನೊಂದು ದಿನ ಕರೆಯಿರಿ. ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಕ್ಯಾಪ್ಟೊಪ್ರಿಲ್‌ನಂತಹ ಕೆಲವು ಬಿ.ಪಿ. ಔಷಧಿಗಳೇ ನಾಲಿಗೆಯ ರುಚಿ ಕೆಡಿಸುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು: ಅಡುಗೆ ಮಾಡಿದವರು ಒಳಗೇ ಇರಲಿ. ಲೋಟ ಕೊಡುವವರು ಯಾವುದರಲ್ಲಿ ಎಷ್ಟು ಉಪ್ಪಿದೆ ಎಂದು ತಿಳಿಯದವರಾಗಿರಲಿ. ಉಳಿದ ತಂಬುಳಿಯನ್ನು ತೂಗಿ ಬರೆಯಿರಿ. ಬಾಯಿ ಹೇಳದ್ದನ್ನು ಎಷ್ಟೋ ಸಲ ಲೋಟ ಹೇಳುತ್ತದೆ.

ಹೆಜ್ಜೆ 4: ವ್ಯತ್ಯಾಸ ತಿಳಿಯುತ್ತದೆಯೇ? ತ್ರಿಕೋನ ಪರೀಕ್ಷೆ

1920ರ ದಶಕದಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಲೋಟಕ್ಕೆ ಮೊದಲು ಹಾಲು ಹಾಕಿದ್ದಾರೋ ಚಹಾ ಹಾಕಿದ್ದಾರೋ ತಮಗೆ ರುಚಿಯಿಂದಲೇ ತಿಳಿಯುತ್ತದೆ ಎಂದರು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಆ ಮಾತನ್ನು ಪರೀಕ್ಷೆಗೆ ಒಡ್ಡಿದ ಬಗೆ ಇಂದು ಪ್ರಸಿದ್ಧ: ಎಂಟು ಲೋಟ, ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಚಹಾ ಮೊದಲು, ಸರದಿ ಕಲಸಿದ್ದು. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 70. ಬರೀ ಊಹೆಯಿಂದ ಎಲ್ಲವೂ ಸರಿಯಾಗುವ ಸಂಭವ 70ರಲ್ಲಿ ಒಂದು. ರುಚಿಯ ಪರೀಕ್ಷೆಗೂ ಔಷಧಿಯ ಪರೀಕ್ಷೆಗೂ ಈ ಒಂದು ಯೋಚನೆ ತಳಹದಿ: ಬರೀ ಅದೃಷ್ಟದಿಂದ ಏನಾಗಬಹುದಿತ್ತು ಎಂದು ಮೊದಲು ಲೆಕ್ಕ ಹಾಕಿ, ಆಮೇಲೆ ಆದದ್ದನ್ನು ಅದರ ಪಕ್ಕ ಇಡುವುದು.

ತ್ರಿಕೋನ ಪರೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಮೂರು ಲೋಟ. ಎರಡರಲ್ಲಿ ಒಂದೇ ತಂಬುಳಿ, ಒಂದರಲ್ಲಿ ಬೇರೆ. ಒಂದೇ ಆಗಿರುವ ಎರಡಕ್ಕೂ ಬೇರೆ ಬೇರೆ ಸಂಖ್ಯೆ. "ಇವುಗಳಲ್ಲಿ ಬೇರೆ ಯಾವುದು?" ಎಂದಷ್ಟೇ ಕೇಳಿ. ಉಪ್ಪಿನ ಸುದ್ದಿ ಎತ್ತಬೇಡಿ. ಮಾಮೂಲನ್ನು "ಮಾ", ಕಡಿಮೆಯನ್ನು "ಕ" ಎಂದುಕೊಂಡರೆ ಸರದಿಗಳು ಆರು: ಮಾಮಾಕ, ಮಾಕಮಾ, ಕಮಾಮಾ, ಕಕಮಾ, ಕಮಾಕ, ಮಾಕಕ. ಆರೂ ಸಮನಾಗಿ ಬರಬೇಕಾದ್ದರಿಂದ ಜನರ ಸಂಖ್ಯೆ ಆರರ ಗುಣಕವಾಗಿರಲಿ. 30 ಜನರಾದರೆ ಪ್ರತಿ ಸರದಿಗೆ ಐವರು.

ಗೊತ್ತಾಗಲಿಲ್ಲ ಎಂದವರಿಗೂ ಒಂದನ್ನು ಊಹಿಸಿ ಹೇಳಲು ಹೇಳಿ. ಲೆಕ್ಕ ನಿಂತಿರುವುದೇ ಊಹೆಯ ಮೇಲೆ: ಬರೀ ಊಹೆಯಾದರೆ ಮೂವರಲ್ಲಿ ಒಬ್ಬರದು ಸರಿಯಾಗುತ್ತದೆ, 30 ಜನರಲ್ಲಿ ಸುಮಾರು 10. ಶೇಕಡ 5ರ ಮಟ್ಟದಲ್ಲಿ (ಬರೀ ಊಹೆಯಿಂದ ಹಾಗಾಗುವ ಸಂಭವ ನೂರರಲ್ಲಿ ಐದನ್ನು ಮೀರದಂತೆ) ವ್ಯತ್ಯಾಸ ನಿಜವಾಗಿಯೂ ತಿಳಿಯುತ್ತಿದೆ ಎನ್ನಲು 18 ಜನರಲ್ಲಿ 10, 24 ಜನರಲ್ಲಿ 13, 30 ಜನರಲ್ಲಿ 15 ಉತ್ತರ ಸರಿಯಿರಬೇಕು. 30ರಲ್ಲಿ 13 ಬಂತೆಂದರೆ ಎರಡೂ ಒಂದೇ ಎಂದು ಸಾಬೀತಾಯಿತೇ? ಇಲ್ಲ. ವ್ಯತ್ಯಾಸ ಇದೆ ಎನ್ನಲು ಸಾಕ್ಷಿ ಸಾಲದು ಎಂದಷ್ಟೇ ಅರ್ಥ. ಎರಡೂ ಒಂದೇ ಎಂದು ಹೇಳಬೇಕಾದರೆ ಇನ್ನೂ ಹೆಚ್ಚು ಜನ ಬೇಕು. ಈ ಸಾಲನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಹೆಜ್ಜೆ 5: ಇಷ್ಟವೇ? ಒಂಬತ್ತು ಮೆಟ್ಟಿಲ ಅಳತೆ

ಇಷ್ಟವನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವ ಹೆಡೋನಿಕ್ ಅಳತೆ 1940ರ ದಶಕದಲ್ಲಿ ಅಮೆರಿಕದ ಸೈನಿಕರ ಊಟದ ಸಂಶೋಧನೆಯಲ್ಲಿ ಹುಟ್ಟಿತು. ಒಂಬತ್ತು ಮೆಟ್ಟಿಲು, ನಡುವೆ "ಇಷ್ಟವೂ ಅಲ್ಲ, ಅನಿಷ್ಟವೂ ಅಲ್ಲ". ಇಂಗ್ಲಿಷಿನ ಪದಗಳನ್ನು ಹಾಗೆಯೇ ಕನ್ನಡಿಸಿದರೆ "ಮಧ್ಯಮವಾಗಿ ಇಷ್ಟ", "ಸ್ವಲ್ಪ ಇಷ್ಟ" ಇವುಗಳಲ್ಲಿ ಯಾವುದು ದೊಡ್ಡದು ಎಂದು ಹಿರಿಯರು ಗೊಂದಲಕ್ಕೆ ಬೀಳುತ್ತಾರೆ. ಪದಗಳನ್ನು ಮೊದಲು ಹತ್ತು ಜನರ ಮುಂದಿಟ್ಟು, ಕ್ರಮವಾಗಿ ಜೋಡಿಸಲು ಹೇಳಿ ನೋಡಿ. ಹತ್ತೂ ಜನ ಒಂದೇ ಕ್ರಮದಲ್ಲಿ ಜೋಡಿಸಿದ ಪದಗಳನ್ನಷ್ಟೇ ಇಟ್ಟುಕೊಳ್ಳಿ. ಓದಲು ಬಾರದವರಿಗೆ ಐದು ಮುಖಗಳ ಚಿತ್ರ ಸಾಕು. ಉತ್ತರವನ್ನು ಗಟ್ಟಿಯಾಗಿ ಹೇಳಿಸದೆ ಬೆರಳು ಇಡಲು ಹೇಳಿ, ಪಕ್ಕದವರ ಮಾತು ಕಿವಿಗೆ ಬಿದ್ದರೆ ಉತ್ತರ ಅತ್ತ ವಾಲುತ್ತದೆ.

ಮೊದಲು ಒಟ್ಟಾರೆ ಇಷ್ಟ ಕೇಳಿ, ಆಮೇಲೆ "ಉಪ್ಪು ಕಡಿಮೆಯೋ, ಸರಿಯೋ, ಹೆಚ್ಚೋ" ಎಂದು ಕೇಳಿ. ಉಪ್ಪನ್ನು ಮೊದಲೇ ಕೇಳಿದರೆ ನಾಲಿಗೆ ಉಪ್ಪನ್ನೇ ಹುಡುಕತೊಡಗುತ್ತದೆ.

ಲೆಕ್ಕ ಹಾಕುವಾಗ ಸರಾಸರಿಗಳನ್ನು ಪಕ್ಕಪಕ್ಕ ಇಟ್ಟು ತೃಪ್ತರಾಗಬೇಡಿ. ಪ್ರತಿಯೊಬ್ಬರೂ ಮಾಮೂಲು, ಕಡಿಮೆ ಉಪ್ಪು ಎರಡನ್ನೂ ಕುಡಿದಿರುವುದರಿಂದ ಅವರವರ ಅಂಕಗಳ ವ್ಯತ್ಯಾಸ ತೆಗೆಯಿರಿ. ಲೆಕ್ಕ ತೋರಿಸಲು ಮಾಡಿಕೊಂಡ ಅಂಕಿಗಳಿವು: 60 ಜನ, ವ್ಯತ್ಯಾಸದ ಸರಾಸರಿ 0.3, ಪ್ರಮಾಣಿತ ವಿಚಲನೆ (ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ) 1.5. ವಿಚಲನೆಯನ್ನು 60ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 0.19. ಅದರ ಎರಡರಷ್ಟನ್ನು ಆಚೀಚೆ ಇಟ್ಟರೆ ನಿಜವಾದ ವ್ಯತ್ಯಾಸ ಸರಿಸುಮಾರು ಸೊನ್ನೆಗಿಂತ ಸ್ವಲ್ಪ ಕೆಳಗಿನಿಂದ 0.7ರವರೆಗೆ ಎಲ್ಲಿಯೂ ಇರಬಹುದು. ಆಮೇಲೆ ಒಂದು ಕಾಗದದಲ್ಲಿ ಅರವತ್ತು ಚುಕ್ಕಿ ಇಟ್ಟು ನೋಡಿ. ಹತ್ತು ಜನ ಕಡಿಮೆ ಉಪ್ಪನ್ನು ತೀರಾ ದ್ವೇಷಿಸಿ, ಹತ್ತು ಜನ ಮೆಚ್ಚಿ, ಸರಾಸರಿ ಅದನ್ನು ಮುಚ್ಚಿಹಾಕಿರಬಹುದು. ನನಗೆ ಹೆಚ್ಚು ಕಲಿಸಿದ್ದು ಈ ಚುಕ್ಕಿಗಳು.

ಹೆಜ್ಜೆ 6: ದೇಹದ ಪ್ರಶ್ನೆಗೆ ಹೋಗುವ ಮೊದಲು

ಒಂದು ಊರಿನಲ್ಲಿ ಕಡಿಮೆ ಉಪ್ಪು ತಿನ್ನುವವರ ಬಿ.ಪಿ. ಕಡಿಮೆಯಿದೆ ಎಂದು ಕಂಡರೆ ಅದಕ್ಕೆ ಉಪ್ಪೇ ಕಾರಣವೆಂದು ಹೇಳಲಾಗದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕೀಲು ಮತ್ತು ಮೂಳೆಗಳನ್ನು ಹಿಂಡುವ ಕಾಯಿಲೆ ಬೆಳಕಿಗೆ ಬಂದಾಗ ಮೊದಲ ಸಂಶಯ ಆಹಾರದ ಮೇಲೆ, ಗದ್ದೆಯ ಏಡಿಯ ಮೇಲೆ ಹೋಯಿತು. ನಂತರದ ಅಧ್ಯಯನಗಳು ವಂಶಪಾರಂಪರ್ಯದತ್ತ ಬೆರಳು ತೋರಿಸಿದವು. ಒಂದು ಮನೆಯವರು ಒಂದೇ ಅನ್ನ ಉಣ್ಣುತ್ತಾರೆ, ಒಂದೇ ವಂಶವಾಹಿಯನ್ನೂ ಪಡೆದಿರುತ್ತಾರೆ. ಬರೀ ನೋಡುತ್ತಾ ಕುಳಿತರೆ ಎರಡನ್ನೂ ಬೇರ್ಪಡಿಸುವುದು ಕಷ್ಟ. ಅದಕ್ಕೇ ಪ್ರಯೋಗ ಬೇಕು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ಬಂದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ಆರು ಗುಂಪು ಮಾಡಿ ಆರು ಬಗೆಯ ಪಥ್ಯ ಕೊಟ್ಟ. ಕಿತ್ತಳೆ ಮತ್ತು ನಿಂಬೆ ತಿಂದವರು ಬೇಗ ಚೇತರಿಸಿಕೊಂಡರು. ಹೋಲಿಕೆಗೆ ಪಕ್ಕದಲ್ಲೇ ಇನ್ನೊಂದು ಗುಂಪು ಇದ್ದದ್ದರಿಂದ ಅದು ಕಣ್ಣಿಗೆ ಬಿತ್ತು.

ಮೊದಲು ನೈತಿಕ ಸಮಿತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳನ್ನು ಓದಿ. ಸಮಿತಿಯ ಒಪ್ಪಿಗೆ ಪಡೆದು, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವುದಕ್ಕೂ ಮುಂಚೆ, 2007ರಿಂದ ನಡೆಯುತ್ತಿರುವ ಭಾರತೀಯ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ಹೆಸರು ದಾಖಲಿಸಿ. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿದೆ, ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ವೈದ್ಯರು, ಆಹಾರ ತಜ್ಞರು, ಸಂಖ್ಯಾಶಾಸ್ತ್ರಜ್ಞರು ಮೂವರನ್ನೂ ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ. ಸಮ್ಮತಿ ಪತ್ರ ಕನ್ನಡದಲ್ಲಿರಲಿ, ಅದೂ ಜಗಲಿಯಲ್ಲಿ ಕುಳಿತ ಅಜ್ಜಿಗೆ ಓದಿ ಹೇಳಿದರೆ ತಿಳಿಯುವ ಕನ್ನಡದಲ್ಲಿ. ಹೆಬ್ಬೆಟ್ಟು ಒತ್ತುವವರಿದ್ದರೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ಚಿಕಿತ್ಸೆಗೆ ತೊಂದರೆಯಿಲ್ಲ ಎಂಬುದನ್ನು ಎರಡು ಸಲ ಹೇಳಿ.

ಹೆಜ್ಜೆ 7: ಚೀಟಿ ಎತ್ತುವುದು ಮನೆಗೆ, ಮನುಷ್ಯರಿಗಲ್ಲ

ಒಂದೇ ಒಲೆಯ ಮೇಲೆ ಅತ್ತೆಗೆ ಮಾಮೂಲು ತಂಬುಳಿ, ಸೊಸೆಗೆ ಕಡಿಮೆ ಉಪ್ಪಿನ ತಂಬುಳಿ ಆಗುವ ಮಾತಲ್ಲ. ಆದ್ದರಿಂದ ಇಡೀ ಮನೆಯನ್ನೇ ಒಂದು ಘಟಕ ಎಂದು ಹಿಡಿದು, ಅದು ಮಾಮೂಲು ಉಪ್ಪಿನ ಗುಂಪಿಗೋ ಕಡಿಮೆ ಉಪ್ಪಿನ ಗುಂಪಿಗೋ ಎಂದು ಚೀಟಿ ಎತ್ತಬೇಕು. ಚೀನಾದ ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹಳ್ಳಿಯನ್ನೇ ಘಟಕ ಮಾಡಿದ್ದರು: 600 ಹಳ್ಳಿ, 20,995 ಜನ. ಅರ್ಧ ಹಳ್ಳಿಗಳಿಗೆ ಸೋಡಿಯಂನ ಒಂದು ಭಾಗದ ಬದಲು ಪೊಟ್ಯಾಶಿಯಂ ಬೆರೆಸಿದ ಉಪ್ಪು ಕೊಟ್ಟರು. ಅಲ್ಲಿ ಪಾರ್ಶ್ವವಾಯುವಿನ ಪ್ರಮಾಣ ಶೇಕಡ 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ಕಾಯಿಲೆಯವರಿಗೆ, ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಪೊಟ್ಯಾಶಿಯಂ ಉಪ್ಪು ಪ್ರಾಣಕ್ಕೆ ಕುತ್ತು ತರಬಲ್ಲದು. ವೈದ್ಯರ ತಪಾಸಣೆಯಿಲ್ಲದೆ ಯಾರ ಮನೆಗೂ ಅದನ್ನು ಕೊಡಬೇಡಿ.

ಮನೆ ಬಿಟ್ಟು ಮನೆ ಆರಿಸುವುದು ಚೀಟಿ ಎತ್ತಿದಂತಲ್ಲ. ಮುಂದಿನ ಮನೆ ಯಾವ ಗುಂಪು ಎಂದು ಮೊದಲೇ ತಿಳಿದರೆ, ಕರುಣೆಯಿರುವ ಆರೋಗ್ಯ ಕಾರ್ಯಕರ್ತೆ ತೀರಾ ಬಿ.ಪಿ. ಇರುವವರನ್ನು ತಾನು ಒಳ್ಳೆಯದೆಂದು ನಂಬಿದ ಗುಂಪಿಗೆ ಸೇರಿಸುತ್ತಾಳೆ. ಒಳ್ಳೆಯ ಮನಸ್ಸೇ ಅಲ್ಲಿ ಲೆಕ್ಕ ಕೆಡಿಸುತ್ತದೆ. ಬೆಳಕಿಗೆ ಹಿಡಿದರೂ ಒಳಗಿನದು ಕಾಣದ ಲಕೋಟೆಯಲ್ಲಿ ಗುಂಪಿನ ಹೆಸರಿಟ್ಟು ಅಂಟಿಸಿ, ಬೇರೆಯವರ ಬಳಿ ಇಡಿ.

ಎಷ್ಟು ಜನ ಬೇಕು? ಬಿ.ಪಿ.ಯ ಎರಡು ಅಂಕಿಗಳಲ್ಲಿ ಮೇಲಿನದರ (ಸಿಸ್ಟೋಲಿಕ್) ವಿಚಲನೆ 15 ಎಂದೂ, ನೀವು ಹಿಡಿಯಬಯಸುವ ಇಳಿಕೆ 5 ಎಂದೂ ಇಟ್ಟುಕೊಳ್ಳಿ. ವಿಚಲನೆಯ ವರ್ಗವನ್ನು ಇಳಿಕೆಯ ವರ್ಗದಿಂದ ಭಾಗಿಸಿ 16ರಿಂದ ಗುಣಿಸಿದರೆ ಪ್ರತಿ ಗುಂಪಿಗೆ 144. ಒಂದು ಮನೆಯ ಮೂವರು ಒಬ್ಬರನ್ನೊಬ್ಬರು ಹೋಲುವುದರಿಂದ ಇದನ್ನು ಹಿಗ್ಗಿಸಬೇಕು. ಹೋಲಿಕೆಯನ್ನು ಸೊನ್ನೆಯಿಂದ ಒಂದರ ಅಳತೆಯಲ್ಲಿ 0.2 ಎಂದುಕೊಂಡರೆ 1 + (3 − 1) × 0.2, ಅಂದರೆ 1.4 ಪಟ್ಟು, ಒಟ್ಟು 202. ಶೇಕಡ 15 ಜನ ನಡುವೆ ಬಿಡುತ್ತಾರೆ ಎಂದುಕೊಂಡರೆ 238. ಅಷ್ಟು ಜನ ಸಿಗದಿದ್ದರೆ ಐದನೆಯ ಹೆಜ್ಜೆಗೇ ನಿಲ್ಲಿಸಿ. ಅದು ಸೋಲಲ್ಲ.

ಹೆಜ್ಜೆ 8: ಅಳತೆ

ಬಸ್ ಇಳಿದು ಏರು ಹತ್ತಿ ಬಂದವರ ತೋಳಿಗೆ ಕೂಡಲೇ ಪಟ್ಟಿ ಸುತ್ತಬೇಡಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಮಾತಿಲ್ಲದೆ. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಬೀಡಿ ಬೇಡ. ತೋಳಿನ ಸುತ್ತಳತೆಗೆ ಹೊಂದುವ ಪಟ್ಟಿ ಬಳಸಿ. ನಿಮಿಷದ ಅಂತರದಲ್ಲಿ ಮೂರು ಸಲ ಅಳೆದು, ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ ತೆಗೆದುಕೊಳ್ಳಿ. ಅಳೆಯುವವರಿಗೆ ಆ ಮನೆ ಯಾವ ಗುಂಪು ಎಂದು ತಿಳಿದಿರಬಾರದು. ಚಳಿಯಲ್ಲಿ ಬಿ.ಪಿ. ಏರುತ್ತದೆ, ಅಡಿಕೆ ಕೊಯ್ಲಿನಲ್ಲಿ ನಿದ್ದೆ ಕೆಡುತ್ತದೆ. ಎರಡೂ ಗುಂಪನ್ನು ಒಂದೇ ವಾರಗಳಲ್ಲಿ ಅಳೆದರೆ ಮಾತ್ರ ಹೋಲಿಕೆ ನ್ಯಾಯವಾದೀತು. 180/110 ದಾಟಿದವರನ್ನು ಅಂದೇ ವೈದ್ಯರ ಬಳಿ ಕಳುಹಿಸಿ. ಯಾರ ಮಾತ್ರೆಯನ್ನೂ ನಿಲ್ಲಿಸಬೇಡಿ.

ನಿಜವಾಗಿ ಎಷ್ಟು ಉಪ್ಪು ತಿಂದರು ಎಂಬುದಕ್ಕೆ ನಂಬುವಂಥ ಅಳತೆ 24 ಗಂಟೆಯ ಮೂತ್ರ. ಬೆಳಗಿನ ಮೊದಲನೆಯದನ್ನು ಬಿಟ್ಟು, ಮರುದಿನದ ಬೆಳಗಿನ ಮೊದಲನೆಯದನ್ನು ಸೇರಿಸಿ ಎಲ್ಲವನ್ನೂ ಕ್ಯಾನಿನಲ್ಲಿ ಹಿಡಿಯಬೇಕು. ತೋಟಕ್ಕೆ ಹೋಗುವವರಿಗೆ ಇದು ಕಷ್ಟ. ಮನೆಯಲ್ಲೇ ಇರುವ ದಿನ ಆರಿಸಿಕೊಳ್ಳಲು ಬಿಡಿ. ತಿಂದ ಸೋಡಿಯಂನಲ್ಲಿ ಸುಮಾರು ಶೇಕಡ 90 ಮೂತ್ರದಲ್ಲೇ ಹೋಗುತ್ತದೆ. ಸಿಕ್ಕಿದ ಸೋಡಿಯಂ ಗ್ರಾಂಗಳನ್ನು 2.54ರಿಂದ ಗುಣಿಸಿದರೆ ಉಪ್ಪಿನ ಅಂದಾಜು: 3.6 ಗ್ರಾಂ ಎಂದರೆ ಸುಮಾರು 9 ಗ್ರಾಂ ಉಪ್ಪು. ಜೊತೆಗೆ ಪ್ರತಿ ಭೇಟಿಯಲ್ಲೂ ಉಪ್ಪಿನ ಡಬ್ಬಿಯನ್ನೂ ಉಪ್ಪಿನಕಾಯಿ ಜಾಡಿಯನ್ನೂ ತೂಗಿ. ತಂಬುಳಿಯಲ್ಲಿ ಕಳೆದ ಉಪ್ಪು ಜಾಡಿಯಿಂದ ಮರಳಿ ಊಟಕ್ಕೆ ಬರುವುದುಂಟು.

ಹೆಜ್ಜೆ 9: ಹನ್ನೆರಡನೆಯ ವಾರ ಮತ್ತೆ ತಂಬುಳಿ

ಕಡಿಮೆ ಉಪ್ಪಿಗೆ ನಾಲಿಗೆ ಹೊಂದಿಕೊಳ್ಳುತ್ತದೆ. ಎಂಟರಿಂದ ಹನ್ನೆರಡು ವಾರಗಳಲ್ಲಿ ಅನೇಕರಿಗೆ ಹಿಂದಿನ ಊಟವೇ ಉಪ್ಪುಪ್ಪು ಎನಿಸತೊಡಗುತ್ತದೆ. ಆದ್ದರಿಂದ ಮೊದಲ ದಿನ ಮಾಡಿದ ಇಷ್ಟದ ಪರೀಕ್ಷೆಯನ್ನು ಹನ್ನೆರಡನೆಯ ವಾರ ಅದೇ ಹದದಲ್ಲಿ, ಹೊಸ ಸಂಖ್ಯೆಗಳೊಂದಿಗೆ, ಎರಡೂ ಗುಂಪುಗಳಲ್ಲಿ ಮತ್ತೆ ಮಾಡಿ. ಮೊದಲ ದಿನ "ಸಪ್ಪೆ" ಎಂದ ಉತ್ತರವನ್ನೇ ಕೊನೆಯ ಉತ್ತರವೆಂದು ಬರೆದು ಎಷ್ಟು ಒಳ್ಳೆಯ ಪಾಕಗಳನ್ನು ಕೈಬಿಟ್ಟಿದ್ದೇವೋ ಎಂದು ನನಗೆ ಈಗಲೂ ನೋವಾಗುತ್ತದೆ.

ಹೆಜ್ಜೆ 10: ಉತ್ತರವನ್ನು ಕೊಟ್ಟವರಿಗೆ ಮರಳಿಸಿ

ಕೊಯ್ಲು ಶುರುವಾಗುವ ಮುಂಚೆ ಮನೆಮನೆಗೆ ಹೋಗಿ. ಪ್ರತಿಯೊಬ್ಬರಿಗೂ ಅವರ ಬಿ.ಪಿ. ಅಂಕಿಗಳ ಚೀಟಿ ಕೊಡಿ. ಬೇರೆಯವರ ಅಂಕಿ ಅದರಲ್ಲಿರಬಾರದು. ಪ್ರಯೋಗದಲ್ಲಿ ಏನೂ ಕಾಣದಿದ್ದರೆ ಏನೂ ಕಾಣಲಿಲ್ಲ ಎಂದೇ ಹೇಳಿ. ಲೋಟದ ಸಂಖ್ಯೆಗಳ ಪಟ್ಟಿ ಜೊತೆಗಿರಲಿ, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಸಂಘದ ಆ ಮಹಿಳೆಯರ ಬಳಿಗೆ ನಾನು ಸಂಖ್ಯೆ ಹಚ್ಚಿದ ಲೋಟಗಳೊಂದಿಗೆ ಎರಡನೆಯ ಸಲ ಹೋಗಿ, ಉತ್ತರ ಹೇಳಲು ಮೂರನೆಯ ಸಲ ಹೋದಾಗ, ಹಿರಿಯರೊಬ್ಬರು ಕೈ ಹಿಡಿದು ಕೂರಿಸಿಕೊಂಡು, "862ರಲ್ಲಿ ಎಷ್ಟು ಉಪ್ಪಿತ್ತು ಮಾರಾಯ್ತಿ? ನಾನು ಅದಕ್ಕೆ ಕಡಿಮೆ ಅಂಕ ಕೊಟ್ಟಿದ್ದೆ" ಎಂದರು. ಪಟ್ಟಿ ತೆಗೆದು ತೋರಿಸಿದೆ. ಲೀಟರಿಗೆ 8 ಗ್ರಾಂ.